ಎರಡನೇ ಸೂಜಿ

ಗುರುಲಿಂಗವ್ವ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹಳೆಯ ದೋತರದ ತುಂಡಿನಲ್ಲಿ ಸುತ್ತಿ, ಗಂಡನ ಚೀಲದಲ್ಲಿ ಸೂಜಿಯ ಡಬ್ಬಿಯ ಪಕ್ಕಕ್ಕೇ ತುರುಕಿದಾಗ ಸಂಗಯ್ಯ ಬೇಡ ಎನ್ನಲಿಲ್ಲ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. "ಮದಿವಿ ಸೀರಿ ಮೂರ ತಿಂಗಳಿಗೇ ಹಿಂಗ ಕೊಂಡಿ ಬಿಟ್ರ ಬೀಗರ ಮನ್ಯಾಗ ಏನಂತಾರ? ಆ ರೋಷನಬಿಗೆ ತೋರಸ್ರಿ. ಅವಸರದಾಗ ಕೈ ಬಿಟ್ಟಾಳ. ಗುರ್ತಿನವರ ಕೆಲಸಾ ಅಂದ್ರ ಎಲ್ಲಾರಿಗೂ ಹಗರು," ಎಂದು ಆಕೆ ಗೊಣಗುತ್ತಲೇ ಇದ್ದಳು. ಮಗಳು ಶಿವಬಸವ್ವ ತವರಿಗೆ ಬಂದು ಎರಡು ದಿನವಾಗಿತ್ತು. ಬಾಗಿಲ ಚೌಕಟ್ಟಿಗೆ ಒರಗಿ, ತಪ್ಪು ತನ್ನದೇ ಎನ್ನುವ ಹಾಗೆ ಕೆಳಗೆ ನೋಡುತ್ತಿದ್ದಳು. ಇಳಕಲ್ಲಿನ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವ ಜಾಗಕ್ಕೆ ಕೊಂಡಿ ಎನ್ನುತ್ತಾರೆ. ಶಿವಬಸವ್ವನ ಸೀರೆಯಲ್ಲಿ ಆ ಜಾಗ ಮೂರು ಬೆರಳಿನಷ್ಟು ಬಿಟ್ಟುಕೊಂಡು, ಕೆಂಪು ಸೆರಗು ಹಸಿರು ಮೈಯಿಂದ ಜೋತುಬಿದ್ದಿತ್ತು. ಆ ಕೊಂಡಿ ಹಾಕಿದ ರೋಷನಬಿ ಸತ್ತು ಮೂರು ತಿಂಗಳಾಗುತ್ತ ಬಂದಿತ್ತು. ಸುದ್ದಿ ಇಳಕಲ್ಲಿಗೆ ಪತ್ರದಲ್ಲಿ ಬಂದೇ ಎರಡು ತಿಂಗಳಾಗಿತ್ತು. ಹುನಗುಂದದ ಈ ಮನೆಗೆ ಆ ಸುದ್ದಿಯನ್ನು ಸಂಗಯ್ಯ ತಂದಿರಲಿಲ್ಲ. ಮೊದಲ ದಿನ ಮಗಳ ಮದುವೆಯ ದಣಿವು ಇನ್ನೂ ಆರಿಲ್ಲ ಎಂದುಕೊಂಡ, ಎರಡನೆಯ ದಿನ ನಾಳೆ ಎಂದುಕೊಂಡ, ಆಮೇಲೆ ಹೇಳುವುದಕ್ಕೆ ತಡವಾಗಿಬಿಟ್ಟಿತ್ತು. ತಡವಾಗಿ ಹೇಳಿದ ಸಾವಿಗೆ ಜನ ಮೊದಲು ತಡವಾದದ್ದೇಕೆ ಎಂದು ಕೇಳುತ್ತಾರೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಾರ್ಚ್ ತಿಂಗಳ ಬಿಸಿಲು ಬೆಳಿಗ್ಗೆ ಎಂಟಕ್ಕೇ ಗಾಜಿನ ಮೇಲೆ ಕುಳಿತಿತ್ತು. ಸಂಗಯ್ಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದ. ಹದಿನೆಂಟು ವರ್ಷದಿಂದ ಇದೇ ರಸ್ತೆ, ಇದೇ ಚೀಲ. ಮೊದಲು ಸಿಡುಬಿಗೆ, ಆಮೇಲೆ ಕಾಲರಾಕ್ಕೆ. ಸಂತೆಯಲ್ಲಿ, ಶಾಲೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ರಟ್ಟೆಗೆಲ್ಲ ಚುಚ್ಚಿ ಚುಚ್ಚಿ ಅವನಿಗೆ ಸೂಜಿ ಅಯ್ನಾರು ಎಂಬ ಹೆಸರು ಬಿದ್ದಿತ್ತು. ಜಂಗಮರಾದ ಅಪ್ಪ ಮನೆಮನೆಗೆ ಹೋದರೆ ಜನ ಪಾದ ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ಮಗ ಹೋದರೆ ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತಾರೆ. ಅದನ್ನು ಅವನೇ ಹೇಳಿ ನಗಿಸುತ್ತಿದ್ದ. ಈಚೆಗೆ ಹೇಳುವುದನ್ನು ಬಿಟ್ಟಿದ್ದ. ಕಂಬಳಿ ಹೊದ್ದ ಅಮಸಿದ್ದಪ್ಪ, ಇಳಕಲ್ಲಿನ ಸಂತೆಗೆ ಕುರಿ ಮಾರಲು ಹೋಗುವವ, ಹಿಂದಿನ ಸೀಟಿನಿಂದ ಬಾಗಿ ಅವನ ಹೆಗಲಿನ ಮೇಲೆ ಕೈ ಇಟ್ಟ. "ಸೂಜಿ ಅಯ್ನಾರ, ಹಜ್ ಯಾತ್ರಾಕ ನೀವು ಸೂಜಿ ಹಾಕಿ ಕಳಿಸಿದ ಮುದುಕಿ ವಾಂತಿಭೇದಿ ಆಗಿ ಸತ್ಲಂತಲ್ಲರಿ? ಸೂಜ್ಯಾಗ ಔಷಧ ಇತ್ತೋ, ಬರೇ ನೀರಿತ್ತೋ?" ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ, ಅಮಸಿದ್ದಪ್ಪ ಯಾರನ್ನೂ ಹೀಗೇ ಕೆಣಕುವವ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಂಗಯ್ಯನ ಕೈ ಚೀಲದ ಬಾಯಿಗೆ ಹೋಯಿತು. "ನಿನಗ ಹಾಕಿದ್ದು ಯಾವುದಪಾ? ನೀ ಇನ್ನೂ ಜೀವಂತ ಇದ್ದಿ," ಎಂದ. ನಗು ಹೆಚ್ಚಾಯಿತು. ಅವನೂ ನಕ್ಕ. ನಗುತ್ತಿದ್ದಾಗ ತನ್ನ ಹಲ್ಲುಗಳು ಒಣಗಿ ತುಟಿಗೆ ಅಂಟಿಕೊಳ್ಳುತ್ತಿರುವುದು ಗೊತ್ತಾಯಿತು.

ಔಷಧವೂ ಇರಲಿಲ್ಲ, ನೀರೂ ಇರಲಿಲ್ಲ. ಹಿಂದಿನ ವರ್ಷ ಕಾಲರಾ ದೇಶದಿಂದ ದೇಶಕ್ಕೆ ಹಬ್ಬಿ ಅರಬರ ಸೀಮೆಯವರೆಗೆ ಹೋಗಿತ್ತು. ಅಲ್ಲಿಗೆ ಕಾಲಿಡುವವನ ಕೈಯಲ್ಲಿ ಸೂಜಿ ಹಾಕಿಸಿದ್ದಕ್ಕೆ ದಾಖಲೆಯಾದ ಹಳದಿ ಪುಸ್ತಕ ಇರಲೇಬೇಕೆಂಬ ಕಟ್ಟುನಿಟ್ಟು ಬಂದಿತ್ತು. ಬೇರೆ ಪ್ರಯಾಣಿಕರಿಗೆ ಒಂದು ಸೂಜಿ ಸಾಕು. ಯಾತ್ರಿಕರಿಗೆ ಮಾತ್ರ ಏಳು ದಿನದ ಅಂತರದಲ್ಲಿ ಎರಡು, ಎರಡನೆಯದರ ತಾರೀಖಿನಿಂದಲೇ ಪುಸ್ತಕಕ್ಕೆ ಜೀವ. ದೇವರನ್ನು ನೋಡಹೋಗುವವರಿಗೆ ಒಂದು ಸೂಜಿ ಹೆಚ್ಚು ಯಾಕೆಂದು ಕಂಪೌಂಡರ್ ಲಕ್ಷ್ಮಪ್ಪ ಕೇಳಿ ನಕ್ಕಿದ್ದ. ರೋಷನಬಿ ಮತ್ತು ಅವಳ ತಮ್ಮ ಗೌಸಸಾಬ ಇಬ್ಬರೂ ಮೊದಲ ಸೂಜಿಗೆ ಒಟ್ಟಿಗೇ ಬಂದರು. ಗೌಸಸಾಬನಿಗೆ ಏನೂ ಆಗಲಿಲ್ಲ. ಅವಳಿಗೆ ಮೂರು ದಿನ ಜ್ವರ, ರಟ್ಟೆ ಬಾತು ಕೈ ಎತ್ತಲಾಗಲಿಲ್ಲ. ಏಳನೆಯ ದಿನ ತಮ್ಮ ಮೊದಲೇ ಬಂದು ಹಾಕಿಸಿಕೊಂಡು ಹೋದ ಮೇಲೆ, ಅವಳು ಒಬ್ಬಳೇ ಬಂದು ಬೆಂಚಿನ ತುದಿಗೆ ಕುಳಿತಳು. ಐವತ್ತೈದರ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಎಳೆ ಹಿಡಿದು ಹಿಡಿದು ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು. "ಅಯ್ನಾರ, ನಾಡದ ಬಾಗಲಕೋಟಿಗೆ ಹೋಗಿ ರೈಲ ಹತ್ತಬೇಕು. ಒಂದ ಸೀರಿದು ಕೊಂಡಿ ಉಳದೈತಿ. ಮನ್ಯಾಗ ಕೊಂಡಿ ಕೈ ನಂದೊಂದ. ಹಜ್‌ಕ ಹೋಗಾವರು ಯಾರ ಕೆಲಸಾನೂ ಅರ್ಧಾ ಬಿಟ್ಟು ಹೋಗಬಾರದ್ರಿ, ಹೋದ್ರ ಅದು ಹಿಂದಿಂದ ಜಗ್ತದ. ಇವತ್ತ ಸೂಜಿ ಹಾಕಿದ್ರ ಮೂರ ದಿನಾ ಕೈ ಹೋಗ್ತದ. ಒಂದ ಸೂಜಿ ಹಾಕಿರೆಲಾ, ಇನ್ನೊಂದು ಬರದಬಿಡ್ರಿ." ಅವನು ಆಗುವುದಿಲ್ಲ ಎಂದ. ಅವಳು ಮತ್ತೆ ಕೇಳಿದಳು. ಅವನು ಕರಗಿದ. ಬರೆದ. ಹೀಗೆ ನಡೆಯಿತು ಎಂದು ಎರಡು ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಈ ಕಥೆಯಲ್ಲಿ ಅವನು ಕರುಣೆಯುಳ್ಳ ಮನುಷ್ಯ. ತಪ್ಪು ಮಾಡಿದ, ಆದರೆ ಕರುಣೆಯಿಂದ ಮಾಡಿದ. ಅಂಥ ತಪ್ಪಿಗೆ ಎಲ್ಲೋ ಒಂದು ಕಡೆ ಕ್ಷಮೆ ಇದ್ದೇ ಇರುತ್ತದೆ.

ಬಸ್ಸು ತಗ್ಗಿಗೆ ಇಳಿದು ಎಲ್ಲರನ್ನೂ ಒಮ್ಮೆ ಎತ್ತಿ ಹಾಕಿತು. ಚೀಲದೊಳಗೆ ಡಬ್ಬಿ ಸೀರೆಗೆ ಬಡಿದ ಮೆತ್ತನೆಯ ಸಪ್ಪಳವಾಯಿತು. ಮಿಕ್ಕ ದಿನ ಆ ಡಬ್ಬಿ ಖಣಖಣ ಎನ್ನುತ್ತಿತ್ತು. ಸೀರೆ ಯಾರದು? ರೋಷನಬಿ ಒಂದು ಸೀರೆ ಎಂದಿದ್ದಳು. ಯಾರ ಸೀರೆಯೆಂದು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಆಗ ಮುಂದಿನ ಸೋಮವಾರವೇ ಶಿವಬಸವ್ವನ ಮದುವೆ. ಗುರುಲಿಂಗವ್ವ ವಾರದಲ್ಲಿ ಮೂರು ಸಲ ಹೇಳಿಕಳಿಸಿದ್ದಳು. ಇಷ್ಟನ್ನೂ ಸಂಗಯ್ಯ ತನ್ನ ಕಥೆಯಲ್ಲಿ ಒಪ್ಪಿಕೊಂಡಿದ್ದ, ಯಾವುದೋ ಮೂಲೆಯಲ್ಲಿಟ್ಟು. ಈಗ, ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದಾಗ, ದವಾಖಾನೆಯ ಆ ಕೋಣೆ ಇದ್ದದ್ದು ಇದ್ದ ಹಾಗೆ ಕಂಡಿತು. ಅವಳು ಬಂದು ಕುಳಿತಳು. ಸೆರಗು ಸರಿಸಿ ಎಡರಟ್ಟೆ ತೆಗೆದಳು. ಏನೂ ಕೇಳಲಿಲ್ಲ. ಅವನು ಸ್ಪಿರಿಟ್ಟಿನ ಹತ್ತಿ ಒರೆಸಿದ. ಅವಳು ಕಣ್ಣು ಮುಚ್ಚಿ ಏನೋ ಮಣಮಣ ಅನ್ನುತ್ತಿದ್ದಳು. ಆಗ ಅವನು, ಸೂಜಿ ಕೈಯಲ್ಲಿ ಹಿಡಿದು, "ನಮ್ಮ ಸೀರಿ ಎಲ್ಲಿಗೆ ಬಂತವಾ?" ಎಂದಿದ್ದ. ಅವಳು ಕಣ್ಣು ತೆರೆದಳು. ಮೊದಲು ಅವನನ್ನು ನೋಡಿದಳು, ಆಮೇಲೆ ತನ್ನ ರಟ್ಟೆಯನ್ನು. "ಕೊಂಡಿ ಉಳದೈತ್ರಿ," ಎಂದಳು. "ಸೋಮವಾರ ಅಕ್ಷತಾ ಐತಿ," ಎಂದ ಅವನು. ಆಮೇಲೆಯೇ ಅವಳು ಕೇಳಿದ್ದು. ಮೊದಲ ಮಾತು ಅವನದು. ಎರಡು ತಿಂಗಳು ಅವನು ಆ ಒಂದು ಮಾತನ್ನು ಎತ್ತಿ ಹಿಂದೆ ಇಟ್ಟು, ಅವಳ ಮಾತನ್ನು ಮುಂದೆ ತಂದು, ಹಾಗೇ ನಂಬಿಕೊಂಡಿದ್ದ. ಸಂಗಯ್ಯನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ದೊಡ್ಡ ಪಾಪ ಮಾಡಿದವನ ಹೇಸಿಗೆ ಅಲ್ಲ ಅದು. ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತು ದೊಡ್ಡ ರೊಟ್ಟಿಯನ್ನು ಆರಿಸಿಕೊಂಡು ಸಿಕ್ಕಿಬಿದ್ದವನದು. ಚುಚ್ಚದೆ ಉಳಿದ ಔಷಧವನ್ನು, ಲೆಕ್ಕ ತಪ್ಪಬಾರದೆಂದು, ಕಿಟಕಿಯಿಂದ ಕೈ ಹೊರಗೆ ಹಾಕಿ ಬೇವಿನ ಗಿಡದ ಬುಡಕ್ಕೆ ಬಿಟ್ಟಿದ್ದ. ರೋಷನಬಿ ಅದನ್ನು ನೋಡಿ, "ಗಿಡಕ್ಕರ ತಾಕತ್ತ ಬರಲಿ," ಎಂದು ನಕ್ಕಿದ್ದಳು.

ದವಾಖಾನೆಯಲ್ಲಿ ಜನ ಕಡಿಮೆ ಇದ್ದರು. ಸ್ಟೋವ್ ಹಚ್ಚಿ ಸೂಜಿಗಳನ್ನು ಕುದಿಯಲು ಇಟ್ಟ. ಲಕ್ಷ್ಮಪ್ಪ ಮಾತ್ರೆ ಎಣಿಸುತ್ತ, "ಗೌಸಸಾಬ ಬಂದು ಐದ ದಿನಾ ಆತು. ಊರೆಲ್ಲಾ ಹೋಗಿ ಹಾಜಿ ಕೈ ಮುಟ್ಟಿ ಬಂದೇತಿ. ನಿಮ್ಮನ್ನ ಎರಡ ಸರ್ತಿ ಕೇಳ್ಯಾನ," ಎಂದ. ಕೇಳಿದ್ದಾನೆ ಎಂದ ಕೂಡಲೇ ಸಂಗಯ್ಯ ಬಾಗಿ ಸ್ಟೋವಿನ ಉರಿ ತಗ್ಗಿಸಿದ. ತಿಳಿದಿರಬೇಕು. ಅಕ್ಕ ಹೇಳದೆ ಇರುತ್ತಾಳೆಯೆ? ಪತ್ರ ಬಂದ ದಿನ ಅವನು ಡಾಕ್ಟರರ ಕೋಣೆಗೆ ಹೋಗಿ, ಯಾವುದೋ ಬೇರೆ ಮಾತಿನ ನಡುವೆ, ಎರಡೂ ಸೂಜಿ ಹಾಕಿಸಿಕೊಂಡವರಿಗೂ ಕಾಲರಾ ಬರುತ್ತದೆಯೆ ಎಂದು ಕೇಳಿದ್ದ. ಡಾಕ್ಟರರು ಕಾಗದದಿಂದ ತಲೆ ಎತ್ತದೆ, "ಬರುತ್ತಪ್ಪ. ನೂರಕ್ಕೆ ಐವತ್ತು ಜನರನ್ನು ಕಾದರೆ ಅದೇ ದೊಡ್ಡದು," ಎಂದಿದ್ದರು. ಸೂಜಿ ಕಾಯದ ಐವತ್ತನ್ನು ಅವನು ಎದೆಗೆ ಅವಚಿಕೊಂಡು ಮನೆಗೆ ಹೋಗಿದ್ದ. ಹಾಕಿದ್ದರೂ ಸಾಯಬಹುದಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಉಳಿದ ಐವತ್ತು ಎದುರಿಗೆ ಬಂದು ಕುಳಿತಿತ್ತು. ಹಾಕಿದ್ದರೆ ಬದುಕಬಹುದಿತ್ತು. ಈಗ ಕಿಟಕಿಯ ಹೊರಗೆ ಬೇವು ಚಿಗುರಿ ಹೂ ಬಿಟ್ಟಿತ್ತು. ಎಲ್ಲ ಬೇವೂ ಈ ತಿಂಗಳು ಚಿಗುರುತ್ತವೆ ಎಂದು ಅವನಿಗೆ ಗೊತ್ತಿದ್ದರೂ ಆ ಕಡೆ ಬೆನ್ನು ಮಾಡಿ ಕುಳಿತ. ಮಧ್ಯಾಹ್ನದ ಹೊತ್ತಿಗೆ, ಹೋಗಿ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ಸೀರೆ ನಮ್ಮದು, ಮೊದಲು ಕೇಳಿದವನು ನಾನು, ಅವಳು ರಟ್ಟೆ ಚಾಚಿಕೊಂಡೇ ಕೂತಿದ್ದಳು. ಬಯ್ದರೆ ಬಯ್ಯಲಿ, ಹೊಡೆದರೆ ಹೊಡೆಯಲಿ, ನೌಕರಿ ಹೋದರೆ ಹೋಗಲಿ. ನಿರ್ಧಾರವಾದ ಮೇಲೆ ಹಸಿವಾಯಿತು. ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದ.

ಗೌಸಸಾಬನ ಓಣಿಯಲ್ಲಿ ಎರಡೂ ಕಡೆ ಮಗ್ಗದ ಸಪ್ಪಳ. ಇಳಕಲ್ಲಿನಲ್ಲಿ ಈ ಸಪ್ಪಳ ನಿಂತಾಗ ಮಾತ್ರ ಜನ ಕಿವಿ ನಿಮಿರಿಸುತ್ತಾರೆ. ರೋಷನಬಿ ಹೊರಡುವ ಹಿಂದಿನ ದಿನ ಇದೇ ಓಣಿಯಿಂದ ಹೊರಟು, ಮನೆಮನೆಯ ಹೊಸ್ತಿಲಲ್ಲಿ ನಿಂತು, ಹಜ್‌ಗೆ ಹೋಗುವವರ ರಿವಾಜಿನಂತೆ ಎಲ್ಲರ ಹತ್ತಿರ ಮಾಫಿ ಕೇಳಿಕೊಂಡು, ಕೊನೆಗೆ ದವಾಖಾನೆಗೂ ಬಂದಿದ್ದಳು. ಒಂದು ಕೈಯಲ್ಲಿ ಮುಗಿದ ಸೀರೆ. ಕಣ್ಣು ಕೆಂಪಗಿದ್ದವು. "ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ ಅಯ್ನಾರ." ಅವನು ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಸೆರಗಿನ ಬಿಳಿ ಗೋಪುರದ ಸಾಲು ನೋಡುತ್ತ, "ಆತು ಆತು, ನಿಂದೇನೈತಿ ತಪ್ಪು," ಎಂದಿದ್ದ. ಅವಳ ಮುಖ ನೋಡಿರಲಿಲ್ಲ. ಅವಳ ಮುಖವನ್ನು ನೆನಪಿಗೆ ತರಲು ಈಗ ಪ್ರಯತ್ನಿಸಿದರೆ ಸೆರಗೇ ಬರುತ್ತಿತ್ತು.

ಹಜ್‌ನಲ್ಲಿ ಬೋಳಿಸಿದ ಗೌಸಸಾಬನ ತಲೆಯಲ್ಲಿ ಕೂದಲು ಈಗಷ್ಟೇ ಬಿಳಿಯಾಗಿ ಚಿಗುರುತ್ತಿತ್ತು. ಅವನು ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದ. ಸಂಗಯ್ಯನನ್ನು ಕಂಡು ಎದ್ದು ಎರಡೂ ಕೈ ಹಿಡಿದುಕೊಂಡ. ಒಳಗೆ ಕರೆದು, ಚಾಪೆ ಹಾಕಿ, ಸೊಸೆ ಮೌಲಾಬಿಗೆ ಹೇಳಿ ಪುಟ್ಟ ಬಟ್ಟಲಿನಲ್ಲಿ ಮಕ್ಕಾದಿಂದ ತಂದ ಝಮ್‌ಝಮ್ ನೀರು, ಎರಡು ಖರ್ಜೂರ ತರಿಸಿದ. ಸಂಗಯ್ಯ ಈ ಮನೆಯಲ್ಲಿ ಎಂದೂ ನೀರು ಕುಡಿದವನಲ್ಲ. ಕುದಿಸದ ನೀರನ್ನು ಎಲ್ಲೂ ಕುಡಿಯಬೇಡಿ ಎಂದು ಹದಿನೆಂಟು ವರ್ಷ ಊರೂರಿಗೆ ಹೇಳಿದವನು. ಊರಿಗೆ ತೀರ್ಥ ಕೊಟ್ಟ ಮನೆತನದವನು. ಬಟ್ಟಲು ಎತ್ತುವಾಗ ಒಂದು ಕ್ಷಣ ತಡೆದ. ಆ ತಡೆಯನ್ನು ಮೌಲಾಬಿ ನೋಡಿದಳು, ಅವಳು ನೋಡಿದ್ದು ಅವನಿಗೆ ಗೊತ್ತಾಯಿತು. ನಾಚಿಕೆಯಿಂದ ಒಂದೇ ಗುಟುಕಿಗೆ ಕುಡಿದ.

"ನೀವು ಬರತೀರಿ ಅಂತ ಕಾಯಾಕತ್ತಿದ್ದೆರಿ," ಎಂದ ಗೌಸಸಾಬ. "ಜಿದ್ದಾ ಇನ್ನೊಂದ ದಿನ ಇದ್ದಾಗ ಜಹಾಜದಾಗ ಎಲ್ಲಾರೂ ಇಹ್ರಾಮ್ ಕಟ್ಟಿದ್ವಿ, ಹಜ್‌ದ ವ್ರತಾ ಅನ್ರಿ. ಇಹ್ರಾಮ್ ಕಟ್ಟಿದ ಮ್ಯಾಲೆ ಒಂದ ಹೇನ ಸೈತ ಕೊಲ್ಲಬಾರದು, ಒಂದ ಸುಳ್ಳ ಆಡಬಾರದು. ಆವತ್ತ ಆಕಿಗೆ ವಾಂತಿಭೇದಿ ಸುರು ಆತು. ದಂಡಿಗೆ ಹತ್ತಿದ ಕೂಡ್ಲೆ ನಮ್ಮಿಬ್ಬರನ್ನೂ ಬ್ಯಾರೆ ಇಟ್ರು. ಅಲ್ಲಿ ಡಾಕ್ಟರ ಹಳದಿ ಪುಸ್ತಕ ಹಿಡಕೊಂಡು ಬಂದ. ನಮ್ಮ ಮಾತ ಬಲ್ಲವನ ಕಡಿಂದ ಕೇಳಿಸಿದ. ಎರಡೂ ಸೂಜಿ ಖರೇನ ಹಾಕ್ಯಾರೇನು, ಸುಳ್ಳ ಬರಕೊಟ್ಟ ಪುಸ್ತಕ ಭಾಳ ಬರಾಕತ್ತಾವು, ಹಂಗಿದ್ರ ಬರದವನ ಹೆಸರ ಮುಂಬಯಿಗೆ ತಿಳಸ್ತೇವಿ ಅಂದ." ಹೊರಗೆ ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. "ಆಕಿ ಎರಡೂ ಹಾಕ್ಯಾರ ಅಂದ್ಲು. ಅವ ಮತ್ತ ಕೇಳಿದ. ಅಲ್ಲಾನ ಆಣಿ, ಹಾಕ್ಯಾರ ಅಂದ್ಲು. ಅವ ಹೋದ ಮ್ಯಾಲೆ ನನಗ ಖರೆ ಹೇಳಿದ್ಲು."

ಬಟ್ಟಲಿನ ತಳದಲ್ಲಿ ಒಂದು ಹನಿ ಉಳಿದಿತ್ತು, ಸಂಗಯ್ಯ ಅದನ್ನು ನೋಡಿದ.

"ಎರಡ ದಿನಾ ಇದ್ಲು. ಮಕ್ಕಾ ಅಲ್ಲಿಂದ ಎರಡ ತಾಸಿನ ದಾರಿ. ಇಹ್ರಾಮಿನಾಗ ಸುಳ್ಳ ಆಡೀನಿ, ಅದಕ್ಕ ನನಗ ಕಾಬಾ ತೋರಿಸವಲ್ಲ ಅಂತ ಒಂದ ಸವನ ಅತ್ಲು. ನಾ ಹಂಗಲ್ಲವಾ ಅಂದೆ. ಕೇಳಲಿಲ್ಲ. ಕಡೀಕ ಅಂದ್ಲು, ಗೌಸು, ನನ್ನ ಸಲುವಾಗಿ ಆ ಪುಣ್ಯಾತ್ಮ ಸುಳ್ಳ ಬರದ, ನೌಕ್ರಿ ಒತ್ತಿ ಇಟ್ಟ ಬರದ. ಊರಿಗೆ ಹೋದ ಕೂಡ್ಲೆ ಅವನ ಕೈ ಹಿಡದು ನನ್ನ ಪರವಾಗಿ ಮಾಫಿ ಕೇಳು, ಮಾಫ್ ಮಾಡೀನಿ ಅಂತ ಅವನ ಬಾಯಿಲೆ ಅನಸು ಅಂದ್ಲು. ಮಾತ ಕೊಟ್ಟೀನ್ರಿ." ಹಾಜಿ ಗೌಸಸಾಬ ಕೈ ಚಾಚಿದ.

ಸಂಗಯ್ಯನ ಬಾಯಿ ತೆರೆಯಿತು. "ಗೌಸಸಾಬ, ಆವತ್ತ ಆಕಿ ಕೇಳಿರಲಿಲ್ಲ. ನಾನ—" ಎಂದ. ಗೌಸಸಾಬ ಅದನ್ನು ಬೇರೆ ತಿಳಿದ. ಕಣ್ಣು ತುಂಬಿ ಬಂದವು. "ಇಲ್ಲ ಅನಬ್ಯಾಡ್ರಿ ಅಯ್ನಾರ. ಆಕಿ ತಪ್ಪ ಭಾಳ ದೊಡ್ಡದು, ನಿಮ್ಮ ಹೊಟ್ಟಿ ಮ್ಯಾಲೆ ಕಲ್ಲ ಬೀಳತಿತ್ತು, ನನಗ ಗೊತ್ತೈತಿ. ಸತ್ತಾಕಿ ಮ್ಯಾಲೆ ಸಿಟ್ಟ ಇಟಗೋಬ್ಯಾಡ್ರಿ." ಚಾಚಿದ ಕೈಯನ್ನು ಅವನು ಹಿಂದೆಗೆಯಲಿಲ್ಲ. ಆ ಕೈಯ ಮುಂದೆ ಸಂಗಯ್ಯನ ನಿರ್ಧಾರ, ರೊಟ್ಟಿ ತಿಂದು ಬಂದ ಆ ಧೈರ್ಯ, ಏನೂ ಉಳಿಯಲಿಲ್ಲ. ಹೇಳಿದರೆ ತನಗೆ ಹಗುರಾಗುತ್ತದೆ. ಅಷ್ಟು ಭಾರವನ್ನೂ ಈ ಮುದುಕ ಹೊರಬೇಕಾಗುತ್ತದೆ. ಅಕ್ಕ ದೇವರ ಆಣೆ ಇಟ್ಟು ಕಾಪಾಡಿದ್ದು ಪುಣ್ಯಾತ್ಮನನ್ನಲ್ಲ, ಸೀರೆಗಾಗಿ ಕಾದು ಕುಳಿತವನನ್ನು ಎಂದು ಇವನಿಗೆ ಹೇಳುವುದು ಹೇಗೆ? ಅವನು ಕೈ ಹಿಡಿದ. "ಮಾಫ್ ಮಾಡೀನಿ," ಎಂದ. ತನ್ನ ಬಾಯಿಂದ ಬಂದ ಈ ಮಾತಿನಷ್ಟು ಹೊಲಸಾದ ಮಾತನ್ನು ಅವನು ಎಂದೂ ಆಡಿರಲಿಲ್ಲ.

ಗೌಸಸಾಬ ಮುಖ ಒರೆಸಿಕೊಂಡ. ಎದ್ದು ಬಾಗಿಲವರೆಗೆ ಬಂದ. "ಇನ್ನೊಂದ ಮಾತ ಕೇಳಾಕ ಹೇಳಿದ್ಲರಿ. ಕೈ ನೋಯತಿದ್ರ ಕೊಂಡಿ ಚೊಲೊ ಬರೂದಿಲ್ಲ ಅಂತ ಸೂಜಿ ಬಿಟ್ಲಲ್ಲ, ಆದ್ರೂ ರಾತ್ರಿ ದೀಪದ ಬೆಳಕಿನಾಗ ಅವಸರಲೆ ಹಾಕೀನಿ, ಬಿಚ್ಚೇತೇನ ಕೇಳು ಅಂದ್ಲು. ಜೀವಾ ಹೋಗೂ ಹೊತ್ತಿನಾಗ ಅದನ್ನ ಅಂದ್ಲು. ಹುಡಿಗಿ ಸೀರಿ ಛಂದ ಐತೆಲ್ಲರಿ?"

ಚೀಲ ಅವನ ಕಂಕುಳಲ್ಲಿತ್ತು. ಒಳಗೆ ದೋತರದ ಗಂಟು ಸಡಿಲಾಗಿ ಮೆತ್ತಗೆ ಅವನ ಪಕ್ಕೆಗೆ ಒತ್ತುತ್ತಿತ್ತು.

"ಛಂದ ಐತಿ," ಎಂದ ಸಂಗಯ್ಯ. "ಒಂದ ಎಳಿ ಸೈತ ಕದಲಿಲ್ಲ."

"ಅಲ್ಹಮ್ದುಲಿಲ್ಲಾ," ಎಂದ ಗೌಸಸಾಬ. ಐದು ದಿನದಲ್ಲಿ ಮೊದಲ ಸಲವೋ ಏನೋ ಅವನ ಮುಖ ಬಿಚ್ಚಿತು. ತಿರುಗಿ ಒಳಗೆ ಕೂಗಿ ಹೇಳಿದ: "ಕೇಳಿದಿಲ್ಲ ಮೌಲಾಬಿ? ಒಂದ ಎಳಿ ಸೈತ ಕದಲಿಲ್ಲಂತ."

ಓಣಿಯ ತುದಿಯವರೆಗೆ ಸಂಗಯ್ಯ ನೆಟ್ಟಗೆ ನಡೆದ. ಎರಡು ಮನೆಯ ಆಚೆ ಬೇರೆ ಹೆಂಗಸರು ಕೊಂಡಿ ಹಾಕುತ್ತ ಕುಳಿತಿದ್ದರು. ಕೊಟ್ಟರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಈ ಊರಿನಲ್ಲಿ ಎಳೆ ನೋಡಿ ಕೈ ಯಾರದೆಂದು ಹೇಳುತ್ತಾರೆ, ಸಂಜೆಯೊಳಗೆ ಆ ಮಾತು ಗೌಸಸಾಬನ ಹೊಸ್ತಿಲಿಗೆ ಬರುತ್ತದೆ. ದವಾಖಾನೆಯಲ್ಲಿ ಲಕ್ಷ್ಮಪ್ಪ ಹೊರಗೆ ಹೋದಾಗ ಸೀರೆ ತೆಗೆದು ತೊಡೆಯ ಮೇಲೆ ಹಾಸಿಕೊಂಡ. ಕೆಂಪು ಎಳೆಯೊಂದನ್ನೂ ಹಸಿರು ಎಳೆಯೊಂದನ್ನೂ ಎರಡು ಬೆರಳಲ್ಲಿ ಹಿಡಿದು ಜೋಡಿಸಲು ನೋಡಿದ. ಸಾವಿರ ರಟ್ಟೆಗೆ ಗುರಿ ತಪ್ಪದ ಬೆರಳು ಅವು. ಎಳೆ ಕಿತ್ತು ಬಂತು. ಇನ್ನೊಂದು ಹಿಡಿದ, ಅದೂ ಬಂತು. ಬಿಟ್ಟುಕೊಂಡದ್ದು ಮೂರು ಬೆರಳಿನಿಂದ ನಾಲ್ಕು ಬೆರಳಾಯಿತು. ಮಡಚಿ ಮತ್ತೆ ಚೀಲದಲ್ಲಿಟ್ಟ.

ಹುನಗುಂದದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಶಿವಬಸವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಗುರುಲಿಂಗವ್ವ ಕಾಲಿಗೆ ನೀರು ಕೊಟ್ಟು ಮೊದಲು ಕೇಳಿದ್ದೇ ಅದನ್ನು.

"ಹಾಕಿದ್ಲೇನ್ರಿ ಕೊಂಡಿ?"

"ಆಕಿ ಊರಾಗಿಲ್ಲ. ಹಜ್‌ಕ ಹೋಗ್ಯಾಳಲ್ಲ."

"ಯವ್ವಾ, ಇನ್ನೂ ಬಂದಿಲ್ಲೇನು ಆಕಿ?"

ಸಂಗಯ್ಯ ಚೀಲವನ್ನು ಗೂಟಕ್ಕೆ ಹಾಕಿದ.

"ಇನ್ನೂ ಬಂದಿಲ್ಲ," ಎಂದ.